ಹನ್ನೊಂದರಲ್ಲಿ ಸೇರದವನು

ಶ್ರೀರಂಗಪಟ್ಟಣ

ಮದರಾಸಿಗೆ ಹೋಗಿ ಬಂದವನೆಂದು ಗೊತ್ತಾದರೆ ಸಾಕು, ನಮ್ಮ ಕಡೆಯ ಜನ ಮೊದಲು ಸಮುದ್ರದ ಸುದ್ದಿ ಕೇಳುತ್ತಾರೆ. ನೀರು ನಿಜವಾಗಿ ಉಪ್ಪಾಗಿರುತ್ತದೆಯೇ, ಆಚೆ ದಡ ಕಾಣುತ್ತದೆಯೇ ಎನ್ನುತ್ತಾರೆ. ಉಪ್ಪು ಹೌದು, ದಡ ಕಾಣುವುದಿಲ್ಲ. ಅಷ್ಟು ಹೇಳಿ ಮುಗಿಸಿದರೆ ಅವರಿಗೂ ತೃಪ್ತಿ, ನನಗೂ ನೆಮ್ಮದಿ. ಆದರೆ ಆ ಪರದೇಶದಲ್ಲಿ ಕಳೆದ ಎರಡು ವರ್ಷಗಳಲ್ಲಿ ನಾನು ಸಮುದ್ರ ನೋಡಿದ್ದು ಕಡಿಮೆ. ನೋಡಿದ್ದೆಲ್ಲ ಒಂದು ಬಯಲು, ಅಲ್ಲಿ ಇಂಗ್ಲಿಷರು ಆಡುತ್ತಿದ್ದ ಒಂದು ಆಟ, ಆ ಆಟಕ್ಕೆ ಬೇಕಾಗಿಯೂ ಬೇಡವಾಗಿದ್ದ ಒಬ್ಬ ಮನುಷ್ಯ. ಅವನ ವಿಷಯ ಬಿಟ್ಟು ನನ್ನ ಪ್ರವಾಸದ ಕಥೆ ಹೇಳಲು ನನಗೆ ಬರುವುದಿಲ್ಲ.

ನಾನು ನಂಜಾಚಾರಿ. ನಾಗಮಂಗಲದ ಬಡಗಿಗಳ ಮನೆಯವನು. ಮರಾಠರ ದಂಡು ಬಂದು ನಾಗಮಂಗಲ ಸುಟ್ಟುಹೋದ ಮೇಲೆ ಹೆಂಡತಿ ಮಕ್ಕಳನ್ನು ಗೋವಿಂದನಹಳ್ಳಿಯ ಮಾವನ ಮನೆಯಲ್ಲಿ ಬಿಟ್ಟು, ಶ್ರೀರಂಗಪಟ್ಟಣಕ್ಕೆ ಬಂದು ಅರಮನೆಯ ಬಂಡಿಗಳ ಕೆಲಸಕ್ಕೆ ಸೇರಿದ್ದೆ. ಯುದ್ಧ ಸೋತ ಆ ವರ್ಷ ಇಂಗ್ಲಿಷರು ಸುಲ್ತಾನರ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಕರೆದೊಯ್ದರು. ಮಕ್ಕಳ ಜೊತೆ ಉಸ್ತುವಾರಿಯವರು, ಅಡಿಗೆಯವರು, ಪಲ್ಲಕ್ಕಿಯವರು, ಬಂಡಿಯವರು ಹೊರಟರು. ಇಷ್ಟು ಬಂಡಿಗಳಿದ್ದ ಮೇಲೆ ಒಬ್ಬ ಬಡಗಿ ಬೇಕೇ ಬೇಕಲ್ಲ. ನನ್ನ ಹೆಸರು ಕೂಗಿದರು. ಹೋಗುವುದಿಲ್ಲ ಎನ್ನುವ ಹಾಗಿರಲಿಲ್ಲ.

ಹೊರಟ ದಿನ ಕೋಟೆಯ ಗೋಡೆಯ ತುಂಬ ಜನ ನಿಂತಿದ್ದರು. ತೋಪು ಹಾರಿಸಿದರು. ಅದರ ಹೊಗೆ ಹೊಳೆಯ ಮೇಲೆ ಹರಡಿ ಕರಗಿತು. ನಾನು ಕೂತಿದ್ದ ಬಂಡಿಯನ್ನು ಹೊಡೆಯುತ್ತಿದ್ದವನು ಬೋರೇಗೌಡ, ಅತ್ತಿಗುಪ್ಪೆ ಕಡೆಯ ಒಕ್ಕಲಿನವನು. ಅವನು ಎತ್ತಿನ ಬೆನ್ನು ಸವರುತ್ತ, "ಮಕ್ಳ ಕೊಟ್ಟು ಊರ ಉಳಿಸ್ಕೋಬೇಕು ಅಂದ್ರೆ ಆ ತಂದೆ ಒಟ್ಟೆ ಎಂಗುರೀತಿರ್ಬೇಕು ಏಳ್ಲಾ ಆಚಾರಿ" ಎಂದ. ನನಗೆ ಗೋವಿಂದನಹಳ್ಳಿಯಲ್ಲಿ ಬಿಟ್ಟು ಬಂದ ಮಕ್ಕಳ ನೆನಪಾಯಿತು. ಕರಿಘಟ್ಟದ ಗುಡ್ಡ ಹಿಂದೆ ಸರಿದು ಮರೆಯಾಗುವವರೆಗೂ ನಾನು ತಿರುಗಿ ನೋಡುತ್ತಲೇ ಇದ್ದೆ.

ಘಟ್ಟದ ಕೆಳಗೆ

ಬೆಂಗಳೂರು ದಾಟಿ ಘಟ್ಟ ಇಳಿಯುತ್ತಿದ್ದಂತೆ ಸೆಕೆ ಮುಖಕ್ಕೆ ಹೊಡೆಯಿತು. ನಮ್ಮ ಬಂಡಿಗಳ ಗಾಲಿಗಳೆಲ್ಲ ಮೈಸೂರಿನ ಹವೆಗೆ ಮಾಡಿದವು. ಕೆಳಗಿನ ಬಿಸಿಲಿಗೆ ಮರ ಒಣಗಿ, ಅಚ್ಚು ಸಡಿಲವಾಗಿ, ವೇಲೂರು ತಲುಪುವ ಹೊತ್ತಿಗೆ ಒಂದೊಂದೇ ಬಂಡಿ ದಾರಿಯಲ್ಲಿ ಕುಳಿತುಬಿಟ್ಟಿತು. ಕೆರೆ ಕಂಡಲ್ಲೆಲ್ಲ ಗಾಲಿ ಬಿಚ್ಚಿ ನೀರಿನಲ್ಲಿ ನೆನೆಹಾಕುವುದೇ ನನ್ನ ಕೆಲಸವಾಯಿತು. ಎಮ್ಮೆ ಮೀಯಿಸುವ ಊರವರು ದಡದಲ್ಲಿ ನಿಂತು ನನ್ನನ್ನು ನೋಡಿ ನಗುತ್ತಿದ್ದರು. ಅವರ ಮಾತು ನನಗೆ ತಿಳಿಯುತ್ತಿರಲಿಲ್ಲ. ನಗು ಮಾತ್ರ ತಿಳಿಯುತ್ತಿತ್ತು.

ಅಲ್ಲಿನವರು ಮೂರು ಹೊತ್ತೂ ಅನ್ನ ಉಣ್ಣುತ್ತಾರೆ. ನಮ್ಮಲ್ಲಿ ಹಬ್ಬಕ್ಕೆ ಬೇಯುವ ಅಕ್ಕಿ ಅಲ್ಲಿ ದಿನದ ಕೂಳು. ಮೊದಲ ವಾರ ಬೋರೇಗೌಡ ಅದನ್ನು ಸಂಭ್ರಮದಿಂದ ಉಂಡ. ಆಮೇಲೆ ಅವನ ಮುಖ ಸಪ್ಪಗಾಯಿತು. "ಉಂಡು ಎದ್ದೇಟ್ಗೇ ಮತ್ತೆ ಅಸಿವು. ಮುದ್ದೆ ಇಲ್ದಿದ್ರೆ ಒಟ್ಟೇಲಿ ಏನೂ ನಿಂತಂಗೇ ಆಗಲ್ಲ ಕಣ್ಲಾ" ಎಂದ. ನನ್ನ ಚೀಲದಲ್ಲಿ ಹೆಂಡತಿ ಬೀಸಿ ಕೊಟ್ಟ ರಾಗಿ ಹಿಟ್ಟಿತ್ತು. ಅದನ್ನು ನಾವು ಔಷಧಿಯ ಹಾಗೆ ಬಚ್ಚಿಟ್ಟುಕೊಂಡು ಉಂಡೆವು.

ಮದರಾಸು, ಕೋಟೆಯ ಮುಂದಿನ ಬಯಲು

ಮದರಾಸಿನಲ್ಲಿ ರಾಜಕುಮಾರರನ್ನು ಮರ್ಯಾದೆಯಿಂದಲೇ ಇಟ್ಟರು. ನಮ್ಮಂಥವರನ್ನು ಕೋಟೆಯ ಹೊರಗಿನ ಒಂದು ಕೊಟ್ಟಿಗೆಯ ಸಾಲಿನಲ್ಲಿ ಇಟ್ಟರು. ಎದುರಿಗೆ ದೊಡ್ಡ ಬಯಲು. ಬೆಳಗ್ಗೆ ಅಲ್ಲಿ ಕುರಿ ಮೇಯುತ್ತಿದ್ದವು. ಸಂಜೆ ಕುರಿಗಳನ್ನು ಓಡಿಸಿ ಇಂಗ್ಲಿಷರು ಆಡುತ್ತಿದ್ದರು.

ಆ ಆಟವನ್ನು ನಾನು ಮೊದಲು ನಮ್ಮ ಚಿನ್ನಿದಾಂಡು ಎಂದುಕೊಂಡೆ. ಚಿನ್ನಿಯ ಬದಲು ಕೆಂಪು ತೊಗಲಿನ ಚೆಂಡು. ಮೂರು ಗೂಟ ನೆಟ್ಟು, ಅದರ ಮುಂದೆ ಒಬ್ಬ ದಾಂಡು ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ಕೈ ಕೆಳಗಿನಿಂದ ಬೀಸಿ ಚೆಂಡು ಎಸೆಯುತ್ತಾನೆ. ಗೂಟ ಬಿದ್ದರೆ ದಾಂಡಿನವನು ಹೊರಗೆ. ಅವನು ಹೊಡೆದು ಓಡಿದರೆ, ಪಕ್ಕದಲ್ಲಿ ಕುಳಿತವನೊಬ್ಬ ಒಂದು ಕೋಲಿಗೆ ಚಾಕುವಿನಿಂದ ಕಚ್ಚು ಹಾಕುತ್ತಾನೆ. ಯಾರ ಕೋಲಿನಲ್ಲಿ ಕಚ್ಚು ಹೆಚ್ಚೋ ಅವರದು ಗೆಲುವು. ನಮ್ಮ ಹುಡುಗರಾದರೆ ಹೊತ್ತು ಮುಳುಗುವುದರೊಳಗೆ ಜಗಳವಾಡಿ ಆಟ ಮುಗಿಸುತ್ತಾರೆ. ಇವರು ಒಂದೇ ಆಟವನ್ನು ದಿನಗಟ್ಟಲೆ ಎಳೆಯುತ್ತಿದ್ದರು. ನಡುವೆ ಆಟ ನಿಲ್ಲಿಸಿ ಮಾಂಸ, ಹೆಂಡ ಮುಗಿಸಿ, ಬಾಯಿ ಒರೆಸಿಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಆ ಉರಿಬಿಸಿಲಲ್ಲಿ ಬಿಗಿಯಾದ ಅಂಗಿ ತೊಟ್ಟು ಇಡೀ ಮಧ್ಯಾಹ್ನ ನಿಲ್ಲುವ ಶಿಕ್ಷೆಯನ್ನು ತಮಗೆ ತಾವೇ ಯಾಕೆ ಕೊಟ್ಟುಕೊಳ್ಳುತ್ತಾರೋ ನನಗೆ ಅರ್ಥವಾಗಲಿಲ್ಲ.

ಒಂದು ಸಂಜೆ ನಾನು ಬಯಲಿನ ಅಂಚಿನಲ್ಲಿ ಕುಳಿತು ಬಂಡಿಯ ಅಚ್ಚು ಕೆತ್ತುತ್ತಿದ್ದೆ. ಚೆಂಡು ಹಾರಿ ಬಂದು ನನ್ನ ನೀರಿನ ಮಡಕೆಗೆ ಬಡಿಯಿತು. ಮಡಕೆ ಒಡೆದು ನೀರೆಲ್ಲ ಮರಳಿಗೆ ಹೋಯಿತು. ಸಿಪಾಯಿಯೊಬ್ಬ ಓಡಿ ಬಂದ. ಉದ್ದನೆಯ ಮೈ, ಜೋಳದ ತೆನೆಯ ಬಣ್ಣದ ಕೂದಲು, ಬಿಸಿಲಿಗೆ ಸುಲಿದ ಮೂಗು. ಒಡೆದ ಮಡಕೆ ನೋಡಿ ಅವನು, "ತಪ್ಪಾಯ್ತು ಕಣಣ್ಣ. ಕುಡಿಯೋ ನೀರಾ?" ಎಂದ.

ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟೆ. ನಮ್ಮ ಕಡೆಯ ಮಾತಾಡಿದ ಅವನ ಬಾಯನ್ನೇ ನೋಡಿದೆ. ಆಮೇಲೆ, "ಯಾವೂರಪ್ಪ ನಿಂದು?" ಎಂದು ಕೇಳಿದೆ.

"ಹಿರೋಡೆ" ಎಂದ ಅವನು.

ಅವನ ಹೆಸರು ಜಾನ್. ಹಿರೋಡೆಯಲ್ಲಿ ಅವನನ್ನು ಜಾನಣ್ಣ ಎನ್ನುತ್ತಿದ್ದರಂತೆ. ಮೀಸೆ ಮೂಡುವ ಮೊದಲೇ ಇಂಗ್ಲಿಷರ ದಂಡಿನಲ್ಲಿ ನಗಾರಿ ಬಾರಿಸಲು ಸೇರಿದ್ದವನನ್ನು ಹಿಂದಿನ ಯುದ್ಧದಲ್ಲಿ ನಮ್ಮವರು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದಿದ್ದರು. ಸುಲ್ತಾನರ ದಂಡಿನಲ್ಲಿ ಅವನಿಗೆ ಬೇರೆ ಹೆಸರಿಟ್ಟು, ಬೇರೆ ಧರ್ಮ ಕೊಟ್ಟು, ಅದೇ ನಗಾರಿ ಬಾರಿಸಲು ಹಚ್ಚಿದರು. ಮುಂದೆ ಹಿರೋಡೆಯ ಫ್ರೆಂಚರ ಪಾಳೆಯಕ್ಕೆ ಕಳಿಸಿದರು. ಹತ್ತು ವರ್ಷ ಅಲ್ಲೇ ಬೆಳೆದ. ಆರ್ಕಾಟಿನ ಕಡೆಯಿಂದ ದಂಡು ಹಿಡಿದು ತಂದಿದ್ದ ಸಕೀನಾ ಎಂಬ ಹುಡುಗಿಯ ಜೊತೆ ಅವನ ಮದುವೆ ಮಾಡಿದರು. ಇಬ್ಬರೂ ಸೆರೆಯವರು, ಇಬ್ಬರಿಗೂ ತಮ್ಮವರೆಂದು ಯಾರೂ ಇರಲಿಲ್ಲ. ಅವರು ಮಾತಾಡಿಕೊಳ್ಳಲು ಕಲಿತದ್ದು ಊರಿನ ಮಾತನ್ನೇ.

ಯುದ್ಧ ಮುಗಿದು ಒಪ್ಪಂದವಾದಾಗ ಸೆರೆಯಲ್ಲಿದ್ದ ಇಂಗ್ಲಿಷರನ್ನೆಲ್ಲ ಒಪ್ಪಿಸಬೇಕೆಂದಾಯಿತು. ಅಂದು ಅವನು ಶ್ರೀರಂಗಪಟ್ಟಣದಲ್ಲಿದ್ದ. ಅಲ್ಲಿಂದಲೇ ಎಳೆದು ತಂದು ಒಪ್ಪಿಸಿದರು. ಹಿರೋಡೆ ಹೊಳೆಯಾಚೆ ಕೂಗಳತೆಯಂಥ ದೂರ. ಒಂದು ಸಲ ಹೋಗಿ ಹೇಳಿ ಬರುತ್ತೇನೆ ಎಂದು ಕೇಳಿಕೊಂಡನಂತೆ. ಯಾರೂ ಬಿಡಲಿಲ್ಲ.

"ಬುಡುಗಡೆ ಆಯ್ತು ಅಂತ ಎಲ್ರೂ ನನ್ನ ಬೆನ್ನು ತಟ್ಟುದ್ರು ಅಣ್ಣ" ಎಂದ. "ನಾನು ಅಳ್ತಿದ್ದೆ. ಸಂತೋಸಕ್ಕೆ ಅಳ್ತಾವ್ನೆ ಅಂದ್ಕೊಂಡ್ರು."

ಅಂದು ಅವನಿಗೆ ಮುದ್ದೆ ಬೇಯಿಸಿ ಕೊಟ್ಟೆ. ನಮ್ಮ ಆಚಾರದಂತೆ ಅವನು ಬಾಗಿಲ ಹೊರಗೆ ಕುಳಿತ, ನಾನು ಎಲೆಯಲ್ಲಿಟ್ಟು ಮುಂದೆ ಸರಿಸಿದೆ. ಅಗಿಯದೆ ಒಂದೊಂದೇ ತುತ್ತು ಉಪ್ಪೆಸರಿನಲ್ಲಿ ಅದ್ದಿ ನುಂಗಿದ. ಕೊನೆಯ ತುತ್ತಿಗೆ ಅವನ ಕಣ್ಣು ತುಂಬಿತ್ತು. ಬೋರೇಗೌಡ ಮುಖ ಆಚೆ ತಿರುಗಿಸಿಕೊಂಡು, "ಕಾರ ಜಾಸ್ತಿಯಾಯ್ತೇನೋ" ಎಂದ.

ಹನ್ನೊಂದು ಜನ

ನಾನು ಬಡಗಿ ಎಂದು ತಿಳಿದ ಮೇಲೆ ಅವರ ಕಪ್ತಾನ ದಾಂಡು ಮಾಡಿಸಲು ನನ್ನಲ್ಲಿಗೆ ಬಂದ. ಕೋಟೆಯ ದಂಡಿನ ಆಟದ ತಂಡಕ್ಕೂ ಅವನೇ ಮುಂದಾಳು. ಕೆಂಪು ಮುಖದ, ಮೆಲು ಮಾತಿನ ಮನುಷ್ಯ. ಅವನಿಗೆ ಮುರುಕು ಉರ್ದು ಬರುತ್ತಿತ್ತು, ನನಗೂ ಅಷ್ಟೇ ಬರುತ್ತಿತ್ತು. ಅವರ ದೇಶದ ಮರ ಇಲ್ಲಿ ಸಿಗುವುದಿಲ್ಲ, ಹಡಗಿನಲ್ಲಿ ಬಂದ ದಾಂಡುಗಳೆಲ್ಲ ಸೀಳಿಹೋಗಿವೆ ಎಂದ. ಶಿವನೆ ಮರದಲ್ಲಿ ಮಾಡಿ ಕೊಟ್ಟೆ. ಹಗುರ, ಬೇಗ ಬಿರುಕು ಬಿಡುವುದಿಲ್ಲ. ಅವನಿಗೆ ಹಿಡಿಸಿತು. ಹಾಗಾಗಿ ದಿನವೂ ಸಂಜೆ ಬಯಲಿನ ಅಂಚಿನಲ್ಲಿ ಕೂರುವ ಅವಕಾಶ ನನಗೆ ಸಿಕ್ಕಿತು, ಪಕ್ಕದಲ್ಲಿ ಕುಳಿತು ಆಟ ಬಿಡಿಸಿ ಹೇಳಲು ಜಾನ್ ಸಿಕ್ಕ.

ಸ್ವಲ್ಪ ದಿನಗಳಲ್ಲೇ ದೊಡ್ಡ ಪಂದ್ಯವೊಂದಿತ್ತು. ಮದರಾಸಿನ ಹೊರಗೆ ಪರಂಗಿಮಲೆ ಎಂಬ ಗುಡ್ಡದಲ್ಲಿದ್ದ ಫಿರಂಗಿ ದಂಡಿನವರು ಕೋಟೆಯವರ ಮೇಲೆ ಆಡಲು ಬರುವವರಿದ್ದರು. ಮೂರು ದಿನದ ಆಟ. ಕೋಟೆಯ ದಂಡಿನ ದೊಡ್ಡ ಅಧಿಕಾರಿ ತಾನೇ ಬಂದು ಕೂತು ನೋಡುತ್ತಾನೆ ಎಂದು ಸುದ್ದಿ.

"ನಾನು ಚೆನ್ನಾಗಿ ಆಡುದ್ರೆ ದೊಡ್ಡೋನ ಕಣ್ಗೆ ಬೀಳ್ತೀನಿ" ಎಂದ ಜಾನ್. "ಅವತ್ತೇ ಕಾಲು ಇಡ್ಕೊಂಡು ಕೇಳ್ತೀನಿ. ದಂಡಿಂದ ಬುಟ್ಬುಡಿ, ಇಲ್ಲಾ ಎಂಡ್ರನ್ನ ಕರ್ಕೊಂಡ್ ಬರಕ್ಕೆ ಬುಡಿ ಅಂತ. ಬರೀ ಸಿಪಾಯಿ ಕೇಳುದ್ರೆ ಯಾವನು ಕೇಳುಸ್ಕೊಂತಾನೆ ಅಣ್ಣ?"

ಅವನ ಚೆಂಡು ವಿಚಿತ್ರವಾಗಿತ್ತು. ಉಳಿದವರು ಬಲವಾಗಿ ಎಸೆಯುತ್ತಿದ್ದರು. ಇವನದು ತೀರ ನಿಧಾನ, ನೆಲಕ್ಕೆ ತಾಗಿ ಬೇರೆ ಕಡೆ ತಿರುಗುತ್ತಿತ್ತು. ಸೆರೆಯಲ್ಲಿದ್ದಾಗ ಕಾವೇರಿಯ ಮರಳಿನಲ್ಲಿ ಒಬ್ಬನೇ ಬೇಲದ ಕಾಯಿ ಎಸೆದೆಸೆದು ಕಲಿತದ್ದಂತೆ. ಆ ವಿದ್ಯೆಗೆ ಈ ಪಂದ್ಯದಲ್ಲಿ ಬೆಲೆ ಬರುವಂತಿತ್ತು. ಹೊರಗಿನಿಂದ ಬಂದ ತಂಡಕ್ಕೆ ಗೂಟ ಎಲ್ಲಿ ನೆಡಬೇಕೆಂದು ಆರಿಸುವ ಹಕ್ಕು. ಪರಂಗಿಮಲೆಯವರಲ್ಲಿ ನಿಧಾನದ ಚೆಂಡು ಎಸೆಯುವ ಒಬ್ಬ ಮುದುಕನಿದ್ದ. ಹಾಗಾಗಿ ಅವರು ಒಣಗಿ ಬಿರುಕುಬಿಟ್ಟ ಜಾಗವನ್ನೇ ಹುಡುಕಿ ಗೂಟ ನೆಡುವುದು ಖಂಡಿತ.

"ಬಿರುಕು ನೆಲದ ಮ್ಯಾಲೆ ಜೋರಾಗಿ ಎಸೆದ್ರೆ ಚೆಂಡು ತಿರುಗೋಕೆ ಮುಂಚೇನೇ ದಾಂಡಿಗೆ ಬಂದ್ಬುಡ್ತದೆ" ಎಂದು ಜಾನ್ ಬೆರಳಿನಿಂದ ಮರಳಿನ ಮೇಲೆ ಗೆರೆ ಎಳೆದು ತೋರಿಸಿದ. "ನಿಧಾನುಕ್ಕೆ ಬುಟ್ರೆ ನೆಲುವೇ ಕೆಲ್ಸ ಮಾಡ್ತದೆ. ಅವರ ತಾವ ಅಂಥೋನು ಒಬ್ಬ ಅವ್ನೆ. ನಮ್ಮ ತಾವ ನಾನೊಬ್ಬನೇಯ."

ಕಪ್ತಾನನಿಗೂ ಇದು ಗೊತ್ತಿತ್ತು. ಮೂರು ಸಂಜೆ ಜಾನನ ಕೈಯಲ್ಲಿ ಚೆಂಡು ಕೊಟ್ಟು ತನ್ನ ಒಳ್ಳೊಳ್ಳೆಯ ಆಟಗಾರರನ್ನು ಎದುರಿಗೆ ನಿಲ್ಲಿಸಿದ. ಒಬ್ಬರ ಹಿಂದೆ ಒಬ್ಬರ ಗೂಟ ಬಿತ್ತು. ಕಪ್ತಾನ ನಕ್ಕು ಅವನ ಭುಜದ ಮೇಲೆ ಕೈಯಿಟ್ಟ. ಆ ಸಂಜೆ ಜಾನ್ ನನ್ನ ಕೊಟ್ಟಿಗೆಗೆ ಬಂದು ಕೂತದ್ದು ಈಗಲೂ ಕಣ್ಣ ಮುಂದಿದೆ. ಹಿರೋಡೆಯಲ್ಲಿ ಮನೆಯ ಹಿಂದೆ ಒಂದು ನುಗ್ಗೆ ಗಿಡ ಹಾಕಿದ್ದೆ, ಈಗ ಕಾಯಿ ಬಿಟ್ಟಿರುತ್ತದೆ ಎಂದೆಲ್ಲ ಮಾತಾಡಿದ.

ಹೆಸರು ಕೂಗುವ ದಿನ ಬಯಲಿನಲ್ಲಿ ಎಲ್ಲರೂ ಸೇರಿದರು. ಕಪ್ತಾನ ಒಬ್ಬೊಬ್ಬರನ್ನೇ ಕರೆದ. ಜೋರಾಗಿ ಹೊಡೆಯುವವರು, ಗಟ್ಟಿಯಾಗಿ ನಿಂತು ಗೂಟ ಕಾಯುವವರು, ವೇಗವಾಗಿ ಎಸೆಯುವ ಇಬ್ಬರು, ಗೂಟದ ಹಿಂದೆ ನಿಲ್ಲುವವನು. ಕೊನೆಗೆ ಒಂದೇ ಜಾಗ ಉಳಿಯಿತು. ಅವನು ಜಾನನ ಹೆಸರು ಹೇಳುತ್ತಿದ್ದಂತೆ ಒಬ್ಬ ಹೊರಗೆ ಸರಿದು ನಿಂತ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತ ಅರ್ಧಕ್ಕೂ ಹೆಚ್ಚು ಜನ ಆಚೆ ಹೋಗಿ ಕೈ ಕಟ್ಟಿಕೊಂಡು ನಿಂತರು. ಅವರಲ್ಲಿ ಒಬ್ಬ ಜೋರಾಗಿ ಏನೋ ಹೇಳಿದ. ಜಾನ್ ತಲೆ ತಗ್ಗಿಸಿದ.

ಕಪ್ತಾನ ತುಂಬ ಹೊತ್ತು ಅವರ ಜೊತೆ ವಾದಿಸಿದ. ಆಮೇಲೆ ಜೋರಾಗಿ ಹೊಡೆಯುವ ಮತ್ತೊಬ್ಬನನ್ನು ಕರೆದು ಹನ್ನೊಂದು ತುಂಬಿಸಿದ. ಜನ ಚದುರಿದ ಮೇಲೆ ನನ್ನ ಬಳಿ ಬಂದು ದಾಂಡುಗಳನ್ನು ಎತ್ತಿ ಎತ್ತಿ ನೋಡುತ್ತ, ಮುಖ ನೋಡದೆ, ಉರ್ದುವಿನಲ್ಲಿ ಹೇಳಿದ: "ಒಬ್ಬನಿಗಾಗಿ ಇಷ್ಟು ಜನರನ್ನು ಕಳೆದುಕೊಂಡರೆ ನಾನು ಯಾರನ್ನು ಕಟ್ಟಿಕೊಂಡು ಆಡಲಿ?" ಒಂದು ದಾಂಡು ಎತ್ತಿಕೊಂಡು ಹೊರಟುಹೋದ.

ಅವರು ಏನಂದರು ಎಂದು ಜಾನನನ್ನು ಕೇಳಿದೆ.

"ನಾವು ಸುಲ್ತಾನನ ಸೆರೆಮನೇಲಿ ಸಾಯ್ತಿದ್ದಾಗ ಇವ್ನು ಅವನ ನಗಾರಿ ಬಾರಿಸ್ತಿದ್ದ ಅಂದ" ಎಂದ. "ಸುಳ್ಳೇನಲ್ಲ. ಬಾರಿಸ್ತಿದ್ದೆ. ಬಾರಿಸದೆ ಏನ್ ಮಾಡ್ಬೇಕಿತ್ತು?" ಎಂದ.

ಮೂರು ದಿನ

ಜಾನ್ ಎಣಿಸಿದಂತೆಯೇ ಆಯಿತು. ಪರಂಗಿಮಲೆಯವರು ಬಂದು, ಬಯಲಿನಲ್ಲಿ ನಡೆದಾಡಿ, ಅತ್ಯಂತ ಒಣಗಿದ ಜಾಗದಲ್ಲಿ ಗೂಟ ನೆಟ್ಟರು. ಕಪ್ತಾನನ ವೇಗದವರು ಎಸೆದದ್ದನ್ನು ಅವರು ಸುಲಭವಾಗಿ ಹೊಡೆದರು. ಕಚ್ಚು ಹಾಕುವವನು ಕೋಲು ತುಂಬಿಹೋಗಿ ಇನ್ನೊಂದು ಕೋಲಿಗೆ ನನ್ನ ಬಳಿ ಬಂದ. ಮರುದಿನ ಕೋಟೆಯವರು ಹೊಡೆಯುವ ಸರದಿ. ಆ ಮುದುಕ, ಅವನಿಗೊಂದು ದೊಡ್ಡ ಹೊಟ್ಟೆ, ಓಡದೆ ನಿಂತಲ್ಲಿಂದಲೇ ಚೆಂಡು ಬಿಡುತ್ತಿದ್ದ. ಜೋರಾಗಿ ಹೊಡೆಯುವವರೆಲ್ಲ ಗಾಳಿ ಹೊಡೆದು ಹೊರಗೆ ಬಂದರು. ಕೊನೆಗೆ ಸೇರಿಸಿಕೊಂಡ ಹನ್ನೊಂದನೆಯವನು ಒಂದೇ ಚೆಂಡಿಗೆ ಹೊರಬಿದ್ದ.

ಜಾನನಿಗೆ ಅಂದು ಒಪ್ಪಿಸಿದ ಕೆಲಸ, ಗೆರೆ ದಾಟಿ ಬಂದ ಚೆಂಡನ್ನು ಹೆಕ್ಕಿ ಕೊಡುವುದು. ಹೆಕ್ಕಿ ಕೊಡುತ್ತಿದ್ದ. ಪ್ರತಿ ಸಲ ಕೊಡುವ ಮೊದಲು ಅರೆಗಳಿಗೆ ಬೆರಳಲ್ಲಿ ಅದನ್ನು ತಿರುಗಿಸಿ ನೋಡುತ್ತಿದ್ದ.

ಎರಡನೆಯ ದಿನದ ಮಧ್ಯಾಹ್ನ ಪರಂಗಿಮಲೆಯವರು ಮತ್ತೆ ಹೊಡೆಯಲು ಬಂದಾಗ, ಕೋಟೆಯವರಲ್ಲಿ ಒಬ್ಬ ಬಿಸಿಲಿಗೆ ತಲೆ ತಿರುಗಿ ಬಿದ್ದ. ಅವನ ಬದಲು ಚೆಂಡು ಹಿಡಿಯಲು ಒಬ್ಬ ನಿಲ್ಲಬಹುದು, ಆದರೆ ಎಸೆಯುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ಅದು ಅವರ ಆಟದ ಕಟ್ಟಳೆ. ಆ ಬಿಸಿಲಿಗೆ ಇನ್ಯಾರೂ ಮುಂದೆ ಬರಲಿಲ್ಲ. ಕಪ್ತಾನ ಜಾನನಿಗೆ ಕೈ ಮಾಡಿದ. ಈ ಸಲ ಯಾರೂ ಆಚೆ ಸರಿಯಲಿಲ್ಲ, ದಣಿದಿದ್ದರು.

ಅವನನ್ನು ಬಹಳ ದೂರ, ನಮ್ಮ ಕೊಟ್ಟಿಗೆಯ ಬಳಿ ನಿಲ್ಲಿಸಿದರು. ಪರಂಗಿಮಲೆಯ ಅತಿ ದೊಡ್ಡ ಹೊಡೆತಗಾರ ಎತ್ತಿ ಹೊಡೆದ. ಚೆಂಡು ಸೂರ್ಯನೊಳಗೆ ಹೋಗಿ ಮರೆಯಾಯಿತು. ಜಾನ್ ಹಿಂದಕ್ಕೆ ಓಡಿದ, ಕಲ್ಲೊಂದಕ್ಕೆ ಎಡವಿದ, ಬೀಳುತ್ತ ಬೀಳುತ್ತ ಎರಡೂ ಕೈ ಚಾಚಿ ಹಿಡಿದ. ಬೋರೇಗೌಡ ಎದ್ದು ನಿಂತು, "ಇಡಿದ್ಬುಟ್ಟ ಕಣ್ಲಾ, ಇಡಿದ್ಬುಟ್ಟ" ಎಂದು ಕೂಗಿದ. ಬಯಲಿನಲ್ಲಿ ಕಪ್ತಾನನೊಬ್ಬನೇ ಚಪ್ಪಾಳೆ ತಟ್ಟಿದ. ಜಾನ್ ಎದ್ದು, ಮೊಣಕೈಯ ರಕ್ತ ಒರೆಸಿಕೊಂಡು, ಚೆಂಡನ್ನು ಎಸೆದು, ತನ್ನ ಜಾಗಕ್ಕೆ ಹೋಗಿ ನಿಂತ.

ಮೂರನೆಯ ದಿನ ಆ ಮುದುಕನೇ ಮತ್ತೆ ಕೋಟೆಯವರನ್ನು ಮುಗಿಸಿದ. ಸೋಲಿನ ಅಂತರ ದೊಡ್ಡದೇನಲ್ಲ. ದೊಡ್ಡ ಅಧಿಕಾರಿ ಮುಗಿಯುವ ಮೊದಲೇ ಎದ್ದು ಹೋಗಿದ್ದ.

ಸಂಜೆ ಕಪ್ತಾನ ಕೊಟ್ಟಿಗೆಗೆ ಬಂದು ಜಾನನ ಜೊತೆ ಅವರ ಮಾತಿನಲ್ಲಿ ಮಾತಾಡಿದ. ಜಾನ್ ಏನೋ ಕೇಳಿಕೊಂಡ. ಕಪ್ತಾನ ತಲೆ ಆಡಿಸಿದ, ಅಡ್ಡಡ್ಡ. ಅವನು ಹೋದ ಮೇಲೆ ಜಾನ್ ಹೇಳಿದ. ಫ್ರೆಂಚರ ಮೇಲೆ ಯುದ್ಧಕ್ಕೆ ದಂಡು ಪಾಂಡಿಚೇರಿಗೆ ಹೊರಡುತ್ತಿದೆ, ಈಗ ಯಾರನ್ನೂ ಬಿಡುವ ಅಧಿಕಾರ ತನಗಿಲ್ಲ ಎಂದನಂತೆ.

"ನೀನು ಊರ್ಗೆ ಓದ್ರೆ ಇರೋಡೆಗೆ ಓಗಣ್ಣ" ಎಂದ. "ಕಾಯ್ಬೇಡ ಅಂತ ಯೋಳು." ಆಮೇಲೆ ನನ್ನ ಬಾಚಿಯ ಹಿಡಿಯನ್ನು ಸವರುತ್ತ ಕೂತಿದ್ದು, ಎದ್ದು ಹೊರಡುವಾಗ ತಿರುಗಿ, "ಬ್ಯಾಡ. ಬತ್ತೀನಿ ಅಂತ ಯೋಳು" ಎಂದ.

ಹಿರೋಡೆ

ಒಪ್ಪಂದದ ಹಣ ಸಂದಾಯವಾಗಿ ರಾಜಕುಮಾರರನ್ನು ಬಿಟ್ಟ ಮೇಲೆ ನಾವೂ ಮರಳಿದೆವು. ಶ್ರೀರಂಗಪಟ್ಟಣದಲ್ಲಿ ಬಂಡಿಗಳನ್ನು ಒಪ್ಪಿಸಿದೆ. ಗೋವಿಂದನಹಳ್ಳಿಗೆ ಹೋಗುವ ದಾರಿಯಲ್ಲೇ ಹಿರೋಡೆಯಲ್ಲಿ ಇಳಿದೆ.

ಸಕೀನಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಾನಣ್ಣನ ಮನೆ ಎಂದರೆ ಬಾವಿಯ ಬಳಿಯ ಹೆಂಗಸರೇ ತೋರಿಸಿದರು. ಹೊಸ್ತಿಲಲ್ಲಿ ನೂಲು ತೆಗೆಯುತ್ತ ಕೂತಿದ್ದಳು. ಅವಳ ಮಡಿಲಿನಲ್ಲಿ ಒಂದು ಹೆಣ್ಣು ಮಗು. ಜೋಳದ ತೆನೆಯ ಬಣ್ಣದ ಕೂದಲು. ನಾನು ಆ ಮಗುವನ್ನು ನೋಡುತ್ತ ನಿಂತದ್ದನ್ನು ಕಂಡು ಅವಳು ಸೆರಗು ಎಳೆದುಕೊಂಡಳು.

"ಮದರಾಸಿಂದ ಬಂದಿವ್ನಿ ತಾಯಿ" ಎಂದೆ. "ಜಾನ್ ಬದುಕವ್ನೆ. ಬತ್ತೀನಿ ಅಂತ ಯೋಳು ಅಂದ."

ಅವಳ ಕೈಯ ನೂಲು ಹರಿಯಿತು. "ಸಚ್ ಹೇಳಿ, ನಿಜಾನೇ ಹೇಳಿ ಅಣ್ಣ. ಅವರೇ ಅಂದ್ರಾ?" ಎಂದಳು. ಹೌದು ಎಂದೆ. ಒಳಗೆ ಕರೆದು ಕೂರಿಸಿ ಎಲ್ಲ ಕೇಳಿದಳು. ಅವನು ತೆಳ್ಳಗಾಗಿದ್ದಾನಾ, ಅಲ್ಲಿಯವರು ಅವನನ್ನು ತಮ್ಮವನೆಂದು ಸೇರಿಸಿಕೊಂಡಿದ್ದಾರಾ ಎಂದಳು. ಆಟದ ಸುದ್ದಿಯನ್ನೂ ಹೇಳಿದೆ, ಹೆಸರು ಕೂಗಿದ ದಿನದ್ದನ್ನೂ ಹೇಳಿದೆ. ಅವಳು ಮಗುವಿನ ತಲೆ ಸವರುತ್ತ ಕೇಳಿಸಿಕೊಂಡಳು. ಜಾನ್ ಹೋದ ಮೇಲೆ ಹುಟ್ಟಿದ ಮಗಳ ಸುದ್ದಿ ಅವನಿಗೆ ಮುಟ್ಟಿಸಲು ನಮಗೆ ಯಾವ ದಾರಿಯೂ ಇರಲಿಲ್ಲ. ಇಲ್ಲಿಂದ ಅಲ್ಲಿಗೆ ಹೋಗುವವರೆಲ್ಲ ರಾಜಕಾರ್ಯದವರು. ಹಿರೋಡೆಯ ಹೆಂಗಸೊಬ್ಬಳ ಮಾತನ್ನು ಇಂಗ್ಲಿಷರ ಸಿಪಾಯಿಗೆ ಒಯ್ದು ತಲೆ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ?

ಆಮೇಲಿನ ವರ್ಷಗಳಲ್ಲಿ ನಾನು ಮನೆಗೆ ಹೋಗಿ ಬರುವಾಗಲೆಲ್ಲ ಹಿರೋಡೆಯಲ್ಲಿ ನಿಲ್ಲುತ್ತಿದ್ದೆ. ಮಗು ನನ್ನನ್ನು ಮಾಮ ಎನ್ನಲು ಕಲಿಯಿತು.

ಮತ್ತೆ ಶ್ರೀರಂಗಪಟ್ಟಣ

ಕೊನೆಯ ಯುದ್ಧ ಬಂದಾಗ ನಾನು ಗೋವಿಂದನಹಳ್ಳಿಯಲ್ಲಿದ್ದೆ. ಅಲ್ಲಿಗೂ ತೋಪಿನ ಸದ್ದು ಬಂದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ನಿಂತಿತು. ಸುಲ್ತಾನರು ಹೋದರು, ಕೋಟೆ ಬಿತ್ತು ಎಂದು ಓಡಿ ಬಂದವರು ಹೇಳಿದರು. ಕೆಲವು ದಿನ ಕಳೆದ ಮೇಲೆ ಇಂಗ್ಲಿಷರು ಊರೂರಿಂದ ಬಡಗಿಗಳನ್ನು ಕರೆಸಿದರು. ಗಾಯಗೊಂಡವರನ್ನು ಸಾಗಿಸುವ ಬಂಡಿಗಳಿಗೆ ಗಾಲಿ ಕಟ್ಟಬೇಕಿತ್ತು.

ಕೋಟೆಯೊಳಗೆ ನಾನು ಕಂಡದ್ದನ್ನು ಬರೆಯುವುದಿಲ್ಲ. ನಾನು ಕೆಲಸ ಮಾಡಿದ್ದ ಬೀದಿ ಯಾವುದೆಂದು ನನಗೇ ಗುರುತು ಸಿಗಲಿಲ್ಲ, ಅಷ್ಟು ಹೇಳಿದರೆ ಸಾಕು.

ಮೂರನೆಯದೋ ನಾಲ್ಕನೆಯದೋ ದಿನ ಒಬ್ಬ ಅಧಿಕಾರಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂಡಿ ನೋಡಲು ಬಂದ. ಕೂದಲು ನರೆತಿತ್ತು. ಅವನೇ ನನ್ನ ಗುರುತು ಹಿಡಿದ. ಮದರಾಸಿನ ಕಪ್ತಾನ.

ನಾನು ಮೊದಲು ಕೇಳಿದ್ದೇ ಜಾನನ ವಿಷಯ. ಕಪ್ತಾನ ಬಂಡಿಯ ಮುಂದೆ ಚಾಚಿದ ಮೂಕಿಯ ಮೇಲೆ ಕುಳಿತ.

ಜಾನ್ ಅವನ ಜೊತೆಯಲ್ಲೇ ಬಂದಿದ್ದನಂತೆ. ಹೊಳೆ ದಾಟಿ ಒಡೆದ ಗೋಡೆ ಹತ್ತಲು ಮುಂದೆ ಹೋಗುವವರನ್ನು ಆರಿಸುವಾಗ ಕಪ್ತಾನ ಬೇಕೆಂದೇ ಅವನನ್ನು ಬಿಟ್ಟಿದ್ದ. ಮುಂದೆ ಹೋದವರಲ್ಲಿ ಬದುಕುವವರು ಕಡಿಮೆ. ಇವನಿಗೆ ಇಲ್ಲಿ ಹೆಂಡತಿಯಿದ್ದಾಳೆ, ಕೋಟೆ ಬಿದ್ದ ಮರುದಿನ ತಾನೇ ಕಳಿಸಿಕೊಡಬೇಕು ಎಂದುಕೊಂಡಿದ್ದನಂತೆ. ಹಿಂದಿನ ಪಾಳೆಯದಲ್ಲಿ ಸಾಮಾನು ಕಾಯಲು ಹಾಕಿದ್ದ. ನುಗ್ಗುವ ದಿನ ಬೆಳಗ್ಗೆ ಜಾನ್ ಬಂದು ನಿಂತ. ಹೊಳೆಯಲ್ಲಿ ಬಂಡೆ ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ತನಗೆ ಗೊತ್ತು, ತನ್ನನ್ನು ಬಿಟ್ಟರೆ ಗೊತ್ತಿರುವವರು ಇಲ್ಲ, ಸೇರಿಸಿಕೊಳ್ಳಿ ಎಂದ.

"ಮದರಾಸಿನಲ್ಲಿ ಒಂದು ಸಲ ಅವನನ್ನು ಬಿಟ್ಟಿದ್ದೆ" ಎಂದ ಕಪ್ತಾನ. "ಎಲ್ಲರ ಮುಂದೆ ಇನ್ನೊಂದು ಸಲ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ದಾರಿ ತೋರಿಸಿದ. ಅವನ ಹಿಂದೆ ಹೋದವರು ಬಹಳ ಜನ ದಡ ಮುಟ್ಟಿದರು. ಅವನು ಗುಂಡು ತಗುಲಿ ನಡುನೀರಿನಲ್ಲಿ ಬಿದ್ದ."

"ಅವನಿಗೊಬ್ಬಳು ಮಗಳಿದ್ದಾಳೆ ಸಾಹೇಬರೇ" ಎಂದೆ. "ಅವನಿಗೆ ಗೊತ್ತಾಯಿತೇ?"

ಕಪ್ತಾನ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಗಾಯವಾಗದ ಕೈಯಿಂದ ಕಣ್ಣು ಮುಚ್ಚಿಕೊಂಡು ಅಲ್ಲೇ ಕೂತ. ನಾನು ಗಾಲಿಯ ಕೆಲಸಕ್ಕೆ ಬಾಗಿದೆ.

ಮರುದಿನ ಹಿರೋಡೆಗೆ ಹೋದೆ. ಸಕೀನಾ ದೂರದಿಂದಲೇ ನನ್ನನ್ನು ನೋಡಿ, ನನ್ನ ಹಿಂದೆ ಬರುವವರು ಯಾರಾದರೂ ಇದ್ದಾರೆಯೇ ಎಂದು ದಾರಿ ನೋಡಿದಳು. ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎಲ್ಲ ಕೇಳಿದ ಮೇಲೆ ಅವಳು ಹೇಳಿದ್ದು ಇಷ್ಟು: "ಮೇಲ್ಗಡೆ ಎಲ್ಲಾದ್ರೂ ಹೊಳೆ ದಾಟಿದ್ರೆ ಇಲ್ಲಿಗೆ ಬರ್ಬೌದಿತ್ತಲ್ಲ ಅಣ್ಣ. ಕೋಟೆ ಒಳಗೆ ಹೋಗೋ ಕೆಲಸಾನೇ ಇರ್ಲಿಲ್ಲ." ಆಮೇಲೆ ಕೇಳಿದಳು, "ಅವರ್ನ ಮುಂದೆ ಕಳಿಸಿದ್ದು ಯಾರು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅವ್ನೇ ಕೇಳ್ಕೊಂಡ ತಾಯಿ."

"ಅವರು ಹಂಗೇ" ಎಂದಳು. "ಯಾರಾದ್ರೂ ಸೇರಿಸ್ಕೊಂಡ್ರೆ ಸಾಕು ಅಂತಿದ್ರು."

ಜಾಗ ತೋರಿಸಬೇಕೆಂದಳು. ಮಗಳನ್ನು ಕರೆದುಕೊಂಡು ಮೂವರೂ ಹೊಳೆಗೆ ಹೋದೆವು. ದಡದಲ್ಲಿ ಕಾವಲಿತ್ತು, ಕಪ್ತಾನನ ಹೆಸರು ಹೇಳಿದ ಮೇಲೆ ಬಿಟ್ಟರು. ಸತ್ತವರನ್ನು ಒಟ್ಟಿಗೆ ಹೂಳಿದ್ದರು, ಇಂಥದ್ದೇ ಗುಂಡಿ ಎಂದು ಹೇಳುವವರಿರಲಿಲ್ಲ. ಅವಳು ಗುಂಡಿಯ ಕಡೆ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಬೇಸಿಗೆಯ ಹೊಳೆ. ನಡುವಿಗೆ ಹೋದರೂ ಮೊಣಕಾಲಿನಿಂದ ಮೇಲೆ ಬರಲಿಲ್ಲ. ಅಲ್ಲಿ ನಿಂತು ಒಡೆದ ಗೋಡೆಯನ್ನೊಮ್ಮೆ, ಹಿರೋಡೆಯ ದಿಕ್ಕನ್ನೊಮ್ಮೆ ನೋಡಿದಳು.

"ಇಷ್ಟೇ ನೀರಾ?" ಎಂದಳು.

ಹಿಂದಿರುಗಿ ಬರುವಾಗ ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಯಿತು. ಸಕೀನಾ ಮುಂದೆ ಮುಂದೆ ನಡೆಯುತ್ತಿದ್ದಳು. ಒದ್ದೆಯಾದ ಸೀರೆಯ ಅಂಚಿನಿಂದ ದಾರಿಯ ಮಣ್ಣಿನ ಮೇಲೆ ನೀರು ಹನಿಯುತ್ತಿತ್ತು. ಊರು ಬರುವವರೆಗೂ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.